16ಕ್ಕೇ ಓಟು ಕೊಡಬಹುದಾ? ಗ್ರಾಮ ಪಂಚಾಯಿತಿಯಿಂದ ಶುರು ಮಾಡಿದರೆ ಹೇಗೆ?

ತಿಪಟೂರು ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಹಳ್ಳಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವನು. ಒಂದು ವಿಷಯ ತಿಂಗಳಿಂದ ತಲೆ ಕೊರೆಯುತ್ತಿದೆ. ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಎರಡು ವರ್ಷದ ಹಿಂದೆ ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು ಸಂಜೆ ಬಸ್ಸಿನ ವಿಷಯ ಕೇಳಿದಳು. ಶಾಲೆ ಬಿಡುವುದು ನಾಲ್ಕೂವರೆಗೆ. ಅವಳ ಊರಿನ ಬಸ್ಸು ಆರೂಕಾಲಿಗೆ. ಅಲ್ಲಿಯವರೆಗೆ ಕೂರಲು ಮುಚ್ಚಿದ ಅಂಗಡಿಯ ಕಟ್ಟೆ ಬಿಟ್ಟರೆ ಬೇರೆ ಜಾಗವಿಲ್ಲ. ಚಳಿಗಾಲದಲ್ಲಿ ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಪೂರ್ತಿ ಕತ್ತಲು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬರೆದುಕೊಂಡರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಟೀ, ಬಿಸ್ಕತ್ತು ಆಯಿತು. ಮರುವರ್ಷ ಅದೇ ಹುಡುಗಿ ಅದೇ ಪ್ರಶ್ನೆ ಕೇಳಿದಳು. ಮತ್ತೆ ಬರೆದುಕೊಂಡರು. ವಾಪಸ್ ಬರುವಾಗ ದಾರಿಯಲ್ಲಿ ಅವಳು ಕೇಳಿದ್ದು ಇಷ್ಟು: "ಸರ್, ನಮ್ಮ ಹೆಸರೂ ವೋಟರ್ ಲಿಸ್ಟಲ್ಲಿ ಇದ್ದಿದ್ರೆ ಸುಮ್ನೆ ಬರ್ಕೊಂಡು ಬಿಟ್ಬಿಡ್ತಿದ್ರಾ?"

ಏನು ಹೇಳಬೇಕು ಅಂತ ನನಗೆ ತೋಚಲಿಲ್ಲ. ಆಮೇಲೆ ಸಂವಿಧಾನ ತೆಗೆದು ನೋಡಿದೆ. 18 ತುಂಬಿರಬೇಕು ಅಂತ ಹೇಳುವ 326ನೇ ವಿಧಿ ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಗೆ ಮಾತ್ರ ಸಂಬಂಧಿಸಿದ್ದು. ಪಂಚಾಯಿತಿ ಚುನಾವಣೆಯ ವಿಷಯವನ್ನು ರಾಜ್ಯದ ಕಾನೂನಿಗೆ ಬಿಡಲಾಗಿದೆ. ಇನ್ನೊಂದು ಕಡೆ 243ನೇ ವಿಧಿಯ ಪ್ರಕಾರ ಗ್ರಾಮಸಭೆ ಅಂದರೆ ಮತದಾರರ ಪಟ್ಟಿಯಲ್ಲಿ ಹೆಸರಿರುವವರು. ಅಂದರೆ ಆ ಹುಡುಗಿ ನಿಜವಾದ ಗ್ರಾಮಸಭೆಯ ಸದಸ್ಯೆಯೇ ಅಲ್ಲ. ಅವಳ ಮಾತನ್ನು ಬರೆದುಕೊಂಡರೂ ಅದಕ್ಕೆ ತೂಕವಿಲ್ಲ.

ನನ್ನ ಮಾತು ಸರಳ. ದೆಹಲಿ, ವಿಧಾನಸೌಧದ ವಿಷಯ ಆಮೇಲೆ ನೋಡೋಣ. ಗ್ರಾಮ ಪಂಚಾಯಿತಿಯಲ್ಲಿ 16 ತುಂಬಿದವರಿಗೆ ಓಟು ಕೊಡಿ. ನಮ್ಮಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಅಷ್ಟು ಜನರಲ್ಲಿ 16, 17ರ ಮಕ್ಕಳು ನನ್ನ ಅಂದಾಜಿಗೆ ಹನ್ನೆರಡು ಹದಿನೈದು ಸಿಗುತ್ತಾರೆ. ನಮ್ಮೂರಲ್ಲಿ ಏಳು ಓಟಿನಲ್ಲಿ ಸೋತವರನ್ನು ನಾನೇ ನೋಡಿದ್ದೇನೆ. ಹದಿನೈದು ಓಟು ಇದ್ದರೆ ಆ ಬಸ್ಸಿನ ವಿಷಯವನ್ನು ಸದಸ್ಯರೇ ಹೊತ್ತುಕೊಂಡು ಡಿಪೋಗೆ ಹೋಗುತ್ತಾರೆ.

ಬನಶಂಕರಿ ನಿವಾಸಿ

ಮೇಷ್ಟ್ರೇ, ಆಸೆ ಒಳ್ಳೆಯದು. ಆದರೆ 18 ದಾಟಿದವರಿಗೇ ಓಟು ಹಾಕಲು ಚುನಾವಣೆ ಇಲ್ಲವಲ್ಲ? ಬೆಂಗಳೂರಿನಲ್ಲಿ ಪಾಲಿಕೆ ಚುನಾವಣೆ ನಡೆದದ್ದು 2015ರಲ್ಲಿ. ಅದರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ಐದು ವರ್ಷ ದಾಟಿದರೂ ಕಾರ್ಪೊರೇಟರ್‌ಗಳೇ ಇಲ್ಲದೆ ಅಧಿಕಾರಿಗಳೇ ಊರು ನಡೆಸಿದರು. ನನ್ನ ಮಗಳಿಗೆ ಈಗ 26. ಮೂರು ಪಕ್ಷದ ಹೆಸರು ಗೊತ್ತು, ನಮ್ಮ ವಾರ್ಡಿಗೆ ಓಟು ಹಾಕಿದ್ದು ಗೊತ್ತಿಲ್ಲ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಯ ಕಥೆಯೂ ಹೀಗೇ. 2016ರಲ್ಲಿ ನಡೆದದ್ದು, 2021ರಲ್ಲಿ ಅವಧಿ ಮುಗಿದದ್ದು, ಅಲ್ಲಿಂದಾಚೆಗೆ ಮುಂದೂಡಿದ್ದೇ ಮುಂದೂಡಿದ್ದು. ಮೊದಲು ಹೊತ್ತಿಗೆ ಸರಿಯಾಗಿ ಚುನಾವಣೆ ಮಾಡಿಸಿ, ವಯಸ್ಸಿನ ಮಾತು ಆಮೇಲೆ.

ತಿಪಟೂರು ಮೇಷ್ಟ್ರು

ನಿಮ್ಮ ಸಿಟ್ಟು ಸರಿಯಾಗಿದೆ ಸರ್. ಆದರೆ ಒಂದು ಆಗುವ ತನಕ ಇನ್ನೊಂದು ಕಾಯಬೇಕಾ? ಚುನಾವಣೆಗೆ ಕಾದು ಕೂತಿರುವವರು ಜಾಸ್ತಿಯಾದಷ್ಟೂ ಮುಂದೂಡುವುದು ಕಷ್ಟವಾಗುತ್ತದೆ ಅಂತ ನನಗನ್ನಿಸುತ್ತದೆ.

ಶಿವಮೊಗ್ಗದ ಹಿರಿಯ

1989ರಲ್ಲಿ ನನಗೆ 19. ಆ ವರ್ಷವೇ ಓಟಿನ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಕಾನೂನು ಹಳೆಯದೇ ಇದ್ದಿದ್ದರೆ ಇನ್ನೆರಡು ವರ್ಷ ಕಾಯಬೇಕಿತ್ತು. ಆಗ ಮನೆಯಲ್ಲಿ, ಕಾಲೇಜಿನಲ್ಲಿ, ಹೋಟೆಲಿನಲ್ಲಿ ಕೇಳಿದ ಮಾತುಗಳೇ ಇಂದು ಈ ಮಕ್ಕಳ ವಿಷಯದಲ್ಲೂ ಕೇಳುತ್ತಿವೆ. ಅದಕ್ಕೇ ಬರೆಯುತ್ತಿದ್ದೇನೆ. "ಮೀಸೆ ಚಿಗುರದ ಹುಡುಗರಿಗೆ ಏನು ಗೊತ್ತಾಗುತ್ತೆ, ಸಿನಿಮಾ ನಟರನ್ನು ಗೆಲ್ಲಿಸುತ್ತಾರೆ" ಅಂತ ನಮ್ಮ ದೊಡ್ಡಪ್ಪನೇ ಜಗಳಕ್ಕೆ ಬಂದಿದ್ದರು.

ವಯಸ್ಸು ಇಳಿಸಿದ ಆ ಸಂವಿಧಾನದ 61ನೇ ತಿದ್ದುಪಡಿಯನ್ನು 1988ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದವರು ನಮ್ಮವರೇ, ಚಿಕ್ಕೋಡಿಯ ಸಂಸದರಾಗಿದ್ದ ಕೇಂದ್ರ ಸಚಿವ ಬಿ. ಶಂಕರಾನಂದ. ರಾಜೀವ್ ಗಾಂಧಿ ಪ್ರಧಾನಿ. ಡಿಸೆಂಬರ್ 15ಕ್ಕೆ ಲೋಕಸಭೆ, 20ಕ್ಕೆ ರಾಜ್ಯಸಭೆ ಒಪ್ಪಿದವು. 1989ರ ಮಾರ್ಚ್ 28ಕ್ಕೆ ಜಾರಿಗೆ ಬಂತು. ಆ ಮಸೂದೆಯ ಉದ್ದೇಶ ಹೇಳುವಾಗ, ಕೆಲವು ರಾಜ್ಯಗಳು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಆಗಲೇ 18 ಮಾಡಿಕೊಂಡಿವೆ ಅಂತಲೇ ಕಾರಣ ಕೊಟ್ಟಿದ್ದರು. ಮೇಷ್ಟ್ರು ಹೇಳುವ ದಾರಿ ಹೊಸದಲ್ಲ. ಮೊದಲು ಊರಲ್ಲಿ ಆಯಿತು, ಆಮೇಲೆ ದೇಶದಲ್ಲಿ ಆಯಿತು.

ನವೆಂಬರ್‌ನಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೆ ಚುನಾವಣೆ. ಸರ್ಕಾರಿ ಶಾಲೆಯ ಬೂತು. ಎರಡು ಕಾಗದ ಕೈಗೆ ಕೊಟ್ಟರು. ಮುದ್ರೆಯ ಶಾಯಿ ಆರುವ ಮೊದಲೇ ಮಡಚಿದರೆ ಇನ್ನೊಂದು ಕಡೆ ಹತ್ತಿ ಓಟು ಕೆಡುತ್ತದೆ ಅಂತ ನನ್ನ ತಾಯಿ ಹತ್ತು ಸಲ ಹೇಳಿದ್ದರು. ಮರೆಯ ಹಿಂದೆ ನಿಂತು ಕಾಗದಕ್ಕೆ ಊದಿ ಊದಿ ಆರಿಸಿದೆ. ಹೊರಗಿದ್ದ ಅಧಿಕಾರಿ "ಏನಪ್ಪಾ, ಆಯ್ತೇನೋ?" ಅಂತ ಕೂಗಿದರು. ಆ ಶಾಯಿಯ ವಾಸನೆ ಇನ್ನೂ ನೆನಪಿದೆ.

ಫಲಿತಾಂಶ ನೋಡಿ. ನಮಗೆ ಓಟಿನ ಹಕ್ಕು ಕೊಟ್ಟ ಕಾಂಗ್ರೆಸ್ ದೇಶದಲ್ಲಿ ಅಧಿಕಾರ ಕಳೆದುಕೊಂಡಿತು. ಅದೇ ಸಲ ಕರ್ನಾಟಕದಲ್ಲಿ ವಿಧಾನಸಭೆಯ 178 ಸ್ಥಾನ, ಲೋಕಸಭೆಯ 28ರಲ್ಲಿ 27 ಅದಕ್ಕೇ ಹೋದವು. ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. ಹುಡುಗರೆಲ್ಲ ಕುರಿ ಮಂದೆಯಂತೆ ಒಂದೇ ಕಡೆ ನುಗ್ಗುತ್ತಾರೆ ಅನ್ನುವ ಭಯ ಆಗಲೇ ಸುಳ್ಳಾಯಿತು. ದೊಡ್ಡವರು ಹೇಗೆ ಅವರವರ ಊರಿನ ಲೆಕ್ಕ ನೋಡಿ ಹಾಕಿದರೋ ನಾವೂ ಹಾಗೇ ಹಾಕಿದೆವು.

ಬಾಗಲಕೋಟೆ ಆಶಾ ಕಾರ್ಯಕರ್ತೆ

ನಾನು ಇದಕ್ಕೆ ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಮನೆ ಮನೆ ತಿರುಗುವವಳು. ಹತ್ತನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಯಾವ ಮನೆಯಲ್ಲಿ ಹುಡುಗಿ ನೋಡಲು ಬರುತ್ತಾರೆ ಅಂತ ನನಗೆ ಮೊದಲೇ ಗೊತ್ತಾಗುತ್ತದೆ. ಹೋಗಿ ಮಾತಾಡಿ, "18 ಆಗಿಲ್ಲರೀ, ಕಾನೂನು ಇದೆ" ಅನ್ನುತ್ತೇನೆ. ನನ್ನ ಕೈಯಲ್ಲಿ ಇರುವುದು ಆ ಒಂದೇ ಸಂಖ್ಯೆ. ಹೋದ ವರ್ಷ ಒಂದು ಮನೆಯಲ್ಲಿ ಅಜ್ಜಿ ನನ್ನನ್ನು ಕೂರಿಸಿ ಬೆಲ್ಲ, ನೀರು ಕೊಟ್ಟು ಹೇಳಿದ್ದು: "ಎವ್ವಾ, ನಿಮ್ಮ ಸರಕಾರದ ಲೆಕ್ಕದಾಗ ಆಕಿ ಸಣ್ಣಾಕಿ, ನಮ್ಮ ಲೆಕ್ಕದಾಗ ಆಕಿ ದೊಡ್ಡಾಕಿ ಆಗ್ಯಾಳ." ನಾಳೆ ಸರ್ಕಾರವೇ 16ಕ್ಕೆ ಓಟು ಕೊಟ್ಟರೆ ಆ ಅಜ್ಜಿ ನನಗೆ ಏನು ಹೇಳುತ್ತಾಳೆ? "ಊರು ಆಳುವವರನ್ನು ಆರಿಸುವಷ್ಟು ದೊಡ್ಡವಳು, ಸಂಸಾರ ಮಾಡಲು ಸಣ್ಣವಳಾ?" ಅನ್ನುತ್ತಾಳೆ. ಅದಕ್ಕೆ ನನ್ನ ಹತ್ತಿರ ಜವಾಬಿಲ್ಲ.

ಹುಬ್ಬಳ್ಳಿ ವಕೀಲ

ಅಕ್ಕಾ, ಇಲ್ಲಿ ಬಂದ ಮಾತಲ್ಲೆಲ್ಲ ನಿಮ್ಮದೇ ಗಟ್ಟಿ ಮಾತು. ಕಾನೂನಿನ ಕಡೆಯಿಂದ ನನಗೆ ತಿಳಿದಷ್ಟು ಹೇಳುತ್ತೇನೆ.

ನಮ್ಮ ಕಾನೂನು ಯಾವತ್ತೂ ಎಲ್ಲದಕ್ಕೂ ಒಂದೇ ವಯಸ್ಸು ಇಟ್ಟಿಲ್ಲ. 16ಕ್ಕೆ ಗೇರಿಲ್ಲದ 50 ಸಿಸಿ ಒಳಗಿನ ಗಾಡಿಯ ಲೈಸೆನ್ಸ್ ಸಿಗುತ್ತದೆ. ಹುಡುಗನ ಮದುವೆಗೆ 21 ಬೇಕು. ಗ್ರಾಮ ಪಂಚಾಯಿತಿಗೆ ನಿಲ್ಲಲು 21, ವಿಧಾನಸಭೆ ಮತ್ತು ಲೋಕಸಭೆಗೆ 25, ರಾಜ್ಯಸಭೆಗೆ 30. 1989ರಲ್ಲಿ ಓಟಿನ ವಯಸ್ಸು 18ಕ್ಕೆ ಇಳಿಯಿತು, ಹುಡುಗರ ಮದುವೆ ವಯಸ್ಸು 21ರಿಂದ ಇಳಿಯಲಿಲ್ಲ. ಒಂದನ್ನು ಇಳಿಸಿದರೆ ಇನ್ನೊಂದು ತಾನಾಗಿ ಇಳಿಯುವುದಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾನೂನು 18ಕ್ಕೇ ನಿಲ್ಲುತ್ತದೆ, ಹುಡುಗಿಯರ ವಿಷಯದಲ್ಲಿ ಬಾಲ್ಯವಿವಾಹ ತಡೆ ಕಾನೂನೂ ಅಲ್ಲೇ ನಿಲ್ಲುತ್ತದೆ.

ಇಂಡೊನೇಷ್ಯಾದಲ್ಲಿ 17ಕ್ಕೆ ಓಟು. ಮದುವೆಯಾಗಿದ್ದರೆ ಇನ್ನೂ ಚಿಕ್ಕವರಿಗೂ ಉಂಟು. ಹಾಗೆ ಮದುವೆಗೂ ಓಟಿಗೂ ಗಂಟು ಹಾಕುವುದು ನಮಗೆ ಖಂಡಿತ ಬೇಡ.

ನನಗೆ ಕಾಡುವುದು ಬೇರೆ. 2015ರ ಬಾಲನ್ಯಾಯ ಕಾಯ್ದೆ ಬಂದಮೇಲೆ, ಘೋರ ಅಪರಾಧದಲ್ಲಿ 16 ದಾಟಿದ ಹುಡುಗನನ್ನು ದೊಡ್ಡವರಂತೆ ವಿಚಾರಣೆ ಮಾಡಬಹುದು. ಬಾಲನ್ಯಾಯ ಮಂಡಳಿ ಮೊದಲು ಅವನ ಮನಸ್ಸು, ತಿಳಿವಳಿಕೆ ಅಳೆದು ನೋಡುತ್ತದೆ, ಆಮೇಲೆ ತೀರ್ಮಾನ. ಶಿಕ್ಷೆಯ ವಿಷಯ ಬಂದಾಗ "ಅವನಿಗೆ ತಿಳಿವಳಿಕೆ ಇತ್ತು" ಅನ್ನಲು ನಾವು ತಯಾರು. ಹಕ್ಕಿನ ವಿಷಯ ಬಂದಾಗ ಅದೇ ವಯಸ್ಸಿನವನಿಗೆ ತಿಳಿವಳಿಕೆಯೇ ಇಲ್ಲ ಅನ್ನುತ್ತೇವೆ. ಆ ಕೋರ್ಟಿನ ಬೆಂಚಿನ ಮೇಲೆ ಕೂತ ಹುಡುಗರನ್ನು ನೋಡಿದವನು ನಾನು. ಇದು ನ್ಯಾಯ ಅಂತ ನನ್ನ ಮನಸ್ಸು ಒಪ್ಪುವುದಿಲ್ಲ.

ಬಾಗಲಕೋಟೆ ಆಶಾ ಕಾರ್ಯಕರ್ತೆ

ವಕೀಲರೇ, ನೀವು ಹೇಳುವುದು ಪುಸ್ತಕದಲ್ಲಿ ಸರಿ. ಅಜ್ಜಿ ಪುಸ್ತಕ ಓದುವುದಿಲ್ಲ ಅಲ್ವಾ? ಆದರೂ ಒಂದು ವಿಷಯ ಒಪ್ಪುತ್ತೇನೆ. ಆ ಮನೆಯ ಹುಡುಗಿ ಆಮೇಲೆ ಹಿತ್ತಿಲಿಗೆ ಬಂದು ನನ್ನ ಫೋನ್ ನಂಬರ್ ಕೇಳಿ ಕೈಯ ಮೇಲೆ ಬರೆದುಕೊಂಡಳು. ಅವಳಿಗೆ ತನಗೇನು ಬೇಕು ಅಂತ ಚೆನ್ನಾಗಿ ಗೊತ್ತಿತ್ತು. ಕೇಳುವವರು ಇರಲಿಲ್ಲ.

ರಾಯಚೂರು ಹತ್ತಿ ಬೆಳೆಗಾರ

ಮೇಷ್ಟ್ರು ಗ್ರಾಮ ಪಂಚಾಯಿತಿಯಿಂದ ಶುರು ಮಾಡೋಣ ಅಂತಾರೆ. ನನ್ನ ಪ್ರಕಾರ ಮಕ್ಕಳನ್ನು ಕೊನೆಗೆ ಬಿಡಬೇಕಾದ ಜಾಗ ಅದು.

ಪಕ್ಷದ ಚಿಹ್ನೆ ಇಲ್ಲ ಅಂತ ಹೆಸರಿಗೆ ಮಾತ್ರ. ಎಂಎಲ್ಎ ಚುನಾವಣೆಯಲ್ಲಿ ಯಾರಿಗೆ ಹಾಕಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಪಂಚಾಯಿತಿಯಲ್ಲಿ ಎಣಿಕೆ ಮುಗಿದ ರಾತ್ರಿಯೇ ಯಾವ ಮನೆಯಿಂದ ಎಷ್ಟು ಓಟು ಬಂತು ಅಂತ ಕಟ್ಟೆಯ ಮೇಲೆ ಲೆಕ್ಕ ಹಾಕುತ್ತಾರೆ. 2020ರ ಚುನಾವಣೆಯಲ್ಲಿ ಸದಸ್ಯ ಸ್ಥಾನ ಹರಾಜು ಹಾಕಿದ ಸುದ್ದಿ ಎಷ್ಟು ಊರಿಂದ ಬಂತು, ಓದಿದ್ದೀರಿ. ನಮ್ಮ ಓಣಿಯಲ್ಲಿ ಅಣ್ಣತಮ್ಮಂದಿರ ಎರಡು ಮನೆ ಆ ಚುನಾವಣೆ ಆದ ಮೇಲೆ ಮಾತು ಬಿಟ್ಟಿವೆ. ಬಾವಿ ಒಂದೇ. ಒಬ್ಬರು ಸೇದುವಾಗ ಇನ್ನೊಬ್ಬರು ಕೊಡ ಹಿಡಿದು ದೂರ ನಿಲ್ಲುತ್ತಾರೆ. ಆ ಎರಡೂ ಮನೆಯ ಹುಡುಗರು ಒಂದೇ ಬೆಂಚಿನಲ್ಲಿ ಕೂತು ಬುತ್ತಿ ಹಂಚಿಕೊಂಡು ತಿನ್ನುತ್ತಾರೆ. ಇಬ್ಬರಿಗೂ ಓಟು ಬಂದರೆ ಆ ಬೆಂಚೂ ಒಡೆಯುತ್ತದೆ. ನನ್ನ ಭಯ ಅದು.

ತಿಪಟೂರು ಮೇಷ್ಟ್ರು

ಬಾವಿಯ ಮಾತು ಓದಿ ಸುಮಾರು ಹೊತ್ತು ಸುಮ್ಮನೆ ಕೂತೆ. ನೀವು ಹೇಳುವುದು ನಮ್ಮೂರಿಗೂ ಹೊಂದುತ್ತದೆ. ಇದನ್ನು ನಾನು ಸಾಕಷ್ಟು ಯೋಚಿಸಿರಲಿಲ್ಲ.

ಆದರೂ ಒಂದು ಕೇಳುತ್ತೇನೆ. ಆ ಇಬ್ಬರು ಹುಡುಗರು ಈಗ ಚುನಾವಣೆಯಿಂದ ಹೊರಗಿದ್ದಾರಾ? ನಮ್ಮಲ್ಲಿ ಪ್ರಚಾರಕ್ಕೆ ಬೈಕಿಗೆ ಪೆಟ್ರೋಲ್ ಹಾಕಿಸಿ ಕಳಿಸುವುದು ಇದೇ ವಯಸ್ಸಿನವರನ್ನು. ಕರಪತ್ರ ಹಂಚುವುದು, ಫ್ಲೆಕ್ಸ್ ಕಟ್ಟುವುದು ಎಲ್ಲ ಅವರೇ. ಪ್ರಚಾರದಲ್ಲಿ ಮಕ್ಕಳನ್ನು ಬಳಸಬೇಡಿ ಅಂತ ಚುನಾವಣಾ ಆಯೋಗ 2024ರ ಫೆಬ್ರುವರಿಯಲ್ಲೂ ಪಕ್ಷಗಳಿಗೆ ಕಟ್ಟುನಿಟ್ಟಾಗಿ ಹೇಳಿತು. ಚುನಾವಣೆಯ ಕೆಸರೆಲ್ಲ ಅವರ ಕಾಲಿಗೆ ಆಗಲೇ ಹತ್ತಿದೆ. ಮರೆಯ ಹಿಂದೆ ಹೋಗಿ ಗುಟ್ಟಾಗಿ ತನ್ನ ಮನಸ್ಸಿನಂತೆ ಒತ್ತುವ ಆ ಒಂದು ನಿಮಿಷ ಮಾತ್ರ ಅವರಿಗಿಲ್ಲ.

ನಮ್ಮ ಶಾಲಾ ಸಂಸತ್ತಿನ ಚುನಾವಣೆಯ ವಿಷಯ ಹೇಳಲೇಬೇಕು. ಮೊಬೈಲ್‌ನಲ್ಲಿ ಮತಯಂತ್ರದ ಆ್ಯಪ್ ಹಾಕಿಕೊಂಡು ಮಾಡುತ್ತೇವೆ. ಒತ್ತಿದರೆ ಥೇಟ್ ಹಾಗೇ ಉದ್ದಕ್ಕೆ ಪೀಂ ಅನ್ನುತ್ತದೆ. ಬೆರಳಿಗೆ ಮಾರ್ಕರ್ ಪೆನ್ನಿನ ಗುರುತು. ಹೋದ ಸಲ ಒಬ್ಬ ಹುಡುಗ ಕ್ಲಾಸಿಗೆಲ್ಲ ಚಾಕೊಲೇಟ್ ಹಂಚಿದ. ಇನ್ನೊಬ್ಬಳು ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ ಹಾಕಿಸುತ್ತೇನೆ ಅಂದಳು, ಅಷ್ಟೇ. ಹುಡುಗರೂ ಸೇರಿ ಅವಳನ್ನು ಗೆಲ್ಲಿಸಿದರು. ಚಾಕೊಲೇಟ್ ಎಲ್ಲರೂ ತಿಂದಿದ್ದರು. ಹತ್ತು ದಿನದಲ್ಲಿ ಚಿಲಕ ಬಂತು. ದುಡ್ಡು ಕೊಟ್ಟದ್ದು ನಾವು ಮೇಷ್ಟ್ರುಗಳು. ಹತ್ತು ದಿನವೂ ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು.

ಎಡಿನ್‌ಬರೋ ಅಮ್ಮ

ನಾವು ಮೈಸೂರಿನವರು. ಸ್ಕಾಟ್ಲೆಂಡಿಗೆ ಬಂದು ಹನ್ನೆರಡು ವರ್ಷವಾಯಿತು. ಇಲ್ಲಿ ಇದು ನಡೆದು ಹೋಗಿರುವ ವಿಷಯ, ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

2014ರಲ್ಲಿ ಸ್ಕಾಟ್ಲೆಂಡ್ ಬೇರೆ ದೇಶವಾಗಬೇಕಾ ಬೇಡವಾ ಅಂತ ಜನಮತ ಕೇಳಿದಾಗ ಮೊದಲ ಸಲ 16, 17ರವರಿಗೆ ಓಟು ಕೊಟ್ಟರು. ಸುಮಾರು 1.1 ಲಕ್ಷ ಮಕ್ಕಳು ಹೆಸರು ಬರೆಸಿದರು. ಆಮೇಲೆ ಇಲ್ಲಿನ ಚುನಾವಣಾ ಆಯೋಗ ಸಮೀಕ್ಷೆ ಮಾಡಿದಾಗ ಆ ವಯಸ್ಸಿನವರಲ್ಲಿ ಶೇ 75 ಮಂದಿ ಓಟು ಹಾಕಿದೆವು ಅಂದರು. 18ರಿಂದ 24ರವರಲ್ಲಿ ಹಾಗಂದವರು ಶೇ 54 ಮಾತ್ರ. ಚಿಕ್ಕವರೇ ಜಾಸ್ತಿ! ಕಾರಣ ನನಗೆ ಆಮೇಲೆ ಅರ್ಥವಾಯಿತು. 16ರಲ್ಲಿ ಮಕ್ಕಳು ಇನ್ನೂ ಮನೆಯಲ್ಲೇ ಇರುತ್ತಾರೆ, ಶಾಲೆಯಲ್ಲಿ ಹೇಳಿಕೊಡುವವರಿರುತ್ತಾರೆ, ಅಪ್ಪ ಅಮ್ಮನ ಜೊತೆ ನಡೆದುಕೊಂಡೇ ಬೂತಿಗೆ ಹೋಗಬಹುದು. 19ರಲ್ಲಿ ಬೇರೆ ಊರಿನ ಹಾಸ್ಟೆಲ್‌ನಲ್ಲಿರುತ್ತಾರೆ, ಹೆಸರು ಹಳೆಯ ವಿಳಾಸದಲ್ಲಿರುತ್ತದೆ. ನಮ್ಮೂರಿನ ಮಕ್ಕಳು ಬೆಂಗಳೂರಿಗೆ ಓದಲು ಹೋದಾಗ ಆಗುವುದೂ ಇದೇ ಅಲ್ವಾ?

2015ರಲ್ಲಿ ಕಾನೂನು ಮಾಡಿ ಸ್ಕಾಟ್ಲೆಂಡಿನ ಸಂಸತ್ತಿಗೂ ಸ್ಥಳೀಯ ಸಂಸ್ಥೆಗೂ 16 ಮಾಡಿದರು. ಕಾಮನ್‌ವೆಲ್ತ್ ದೇಶದವರಿಗೆ ಇಲ್ಲಿ ಓಟು ಉಂಟು. ಹಾಗಾಗಿ 2021ರ ಮೇ ತಿಂಗಳಲ್ಲಿ ನನ್ನ ಮಗಳು 16ಕ್ಕೇ ಓಟು ಹಾಕಿದಳು, ಭಾರತದ ಪಾಸ್‌ಪೋರ್ಟ್ ಇದ್ದೂ. ಇಲ್ಲಿ ಶಾಯಿ ಇಲ್ಲ, ಯಂತ್ರವಿಲ್ಲ. ಎರಡು ಕಾಗದ, ಪೆನ್ಸಿಲ್‌ನಿಂದ ಕ್ರಾಸ್ ಗುರುತು. ಒಂದು ಕಾಗದ ಕ್ಷೇತ್ರಕ್ಕೆ, ಇನ್ನೊಂದು ಪ್ರಾಂತ್ಯದ ಪಟ್ಟಿಗೆ. ಹಿಂದಿನ ರಾತ್ರಿ ಊಟದ ಮೇಜಿನ ಮೇಲೆ ಎಲ್ಲ ಪಕ್ಷದ ಕರಪತ್ರ ಹರಡಿಕೊಂಡು ಕೂತಿದ್ದಳು. ಎರಡನೇ ಕಾಗದ ಹೇಗೆ ಎಣಿಸುತ್ತಾರೆ ಅಂತ ನನಗೇ ಸರಿಯಾಗಿ ಗೊತ್ತಿರಲಿಲ್ಲ, ಅವಳೇ ಹೇಳಿಕೊಟ್ಟಳು. ಯಾರಿಗೆ ಹಾಕಿದೆ ಅಂತ ಇವತ್ತಿಗೂ ನನಗೆ ಹೇಳಿಲ್ಲ, ನಾನೂ ಕೇಳಿಲ್ಲ.

ಮಗನದ್ದು ಬೇರೆ ಕಥೆ. 2024ರ ಜುಲೈಗೆ ಅವನಿಗೆ 17. ಅದು ಇಡೀ ಬ್ರಿಟನ್ನಿನ ಚುನಾವಣೆ, ಅಲ್ಲಿ 18 ಬೇಕು. ಅಕ್ಕನಿಗೆ ಸಿಕ್ಕಿದ್ದು ನನಗೇಕಿಲ್ಲ ಅಂತ ಮುಖ ಸಪ್ಪೆ ಮಾಡಿಕೊಂಡಿದ್ದ. 2025ರ ಜುಲೈನಲ್ಲಿ ಸರ್ಕಾರ ಎಲ್ಲ ಚುನಾವಣೆಗೂ 16 ಮಾಡುತ್ತೇವೆ ಅಂತ ಘೋಷಿಸಿತು. ಆ ಹೊತ್ತಿಗೆ ಇವನಿಗೆ 18 ಆಗಿತ್ತು!

ಆಶಾ ಅಕ್ಕನ ಭಯ ಇಲ್ಲಿ ಕೂತ ನನಗೂ ತಟ್ಟಿತು. ಇಲ್ಲಿನ ಅನುಭವ ಅದಕ್ಕೆ ಉತ್ತರವಾಗುವುದಿಲ್ಲ.

ಬನಶಂಕರಿ ನಿವಾಸಿ

ಇಳಿಸಿದ್ದನ್ನು ಮತ್ತೆ ಏರಿಸಿದ ದೇಶವೂ ಉಂಟು. ಇರಾನಿನಲ್ಲಿ 15 ಇತ್ತು, 2007ರಲ್ಲಿ 18 ಮಾಡಿದರು. ಎಲ್ಲ ಕಡೆ ಗಾಳಿ ಒಂದೇ ದಿಕ್ಕಿಗೆ ಬೀಸುತ್ತಿಲ್ಲ.

ಹುಬ್ಬಳ್ಳಿ ವಕೀಲ

ನಿಜ. ಈ ಕಡೆ ಆಸ್ಟ್ರಿಯಾ 2007ರಿಂದ ಎಲ್ಲ ಚುನಾವಣೆಗೂ 16 ಇಟ್ಟುಕೊಂಡು ಬಂದಿದೆ. ನನಗೆ ಹಿಡಿಸುವುದು ಬ್ರೆಜಿಲ್ ಕ್ರಮ. ಅಲ್ಲಿ 18 ಆದವರಿಗೆ ಓಟು ಕಡ್ಡಾಯ, 16 ಮತ್ತು 17ರವರಿಗೆ ಇಷ್ಟವಿದ್ದರೆ. 1988ರ ಸಂವಿಧಾನದಿಂದ ಹೀಗೆ. ತಯಾರಾದವರು ತಾವೇ ಬಂದು ಹೆಸರು ಬರೆಸುತ್ತಾರೆ.

ಶಿರಸಿ ಸೆಕೆಂಡ್ ಪಿಯು

ನಮಸ್ತೆ, ಇಷ್ಟೂ ಓದಿದೆ. ನನಗೆ 17. ಇಲ್ಲಿ ಬರೆದವರಲ್ಲಿ ಆ ವಯಸ್ಸಿನವರು ನಾನೊಬ್ಬಳೇ ಅನಿಸುತ್ತದೆ.

17 ತುಂಬಿದರೆ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿ, ಫಾರಂ 6, ಮುಂಗಡವಾಗಿ ಕೊಡಬಹುದು. ನಾನು ಕೊಟ್ಟಿದ್ದೇನೆ. ಮೊದಲೆಲ್ಲ ಜನವರಿ 1 ಒಂದೇ ದಿನದ ಲೆಕ್ಕ ಇತ್ತಂತೆ. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಅಂತ ನಾಲ್ಕು ದಿನ. 18 ಆದಮೇಲೆ ಬರುವ ಆ ದಿನಕ್ಕೆ ಹೆಸರು ಸೇರುತ್ತದೆ. ನನ್ನ ಕ್ಲಾಸಿನ 52 ಜನರಲ್ಲಿ ಇದು ಗೊತ್ತಿದ್ದವರು ಮೂರು ಜನ.

ನನ್ನ ತಮ್ಮನ ಗೆಳೆಯ ಹತ್ತನೇ ಕ್ಲಾಸಿಗೇ ಬಿಟ್ಟು ಗ್ಯಾರೇಜಿಗೆ ಹೋಗುತ್ತಾನೆ. 16 ವರ್ಷ. ನೀವೆಲ್ಲ ಶಾಲೆ, ಶಾಲೆ ಅನ್ನುತ್ತಿದ್ದೀರಿ. ಅವನು ಮಕ್ಕಳ ಗ್ರಾಮಸಭೆಗೂ ಬರುವುದಿಲ್ಲ, ಯಾಕೆಂದರೆ ಕರೆಯುವುದು ಶಾಲೆಯಿಂದ. ದೊಡ್ಡವರ ಸಭೆಗೂ ಸೇರುವುದಿಲ್ಲ. ದುಡಿದು ಮನೆಗೆ ಕೊಡುವವನು ಅವನು. ಓಟು ಅಂತ ಕೊಟ್ಟರೆ ನನಗಿಂತ ಮೊದಲು ಅವನಿಗೆ ಬೇಕು.

ಕುಂದಾಪುರದ ಮಹಿಳೆ

ಮಗಾ, ಸರಿಯಾದ ಮಾತು ಹೇಳಿದೆ. ನಮ್ಮ ಕುಂದಾಪುರ ತಾಲ್ಲೂಕಿನಲ್ಲಿ 1990ರ ದಶಕದಲ್ಲಿ ಮಕ್ಕಳ ಪಂಚಾಯಿತಿ ಶುರುವಾದದ್ದೇ ದುಡಿಯುವ ಮಕ್ಕಳಿಂದ. ಭೀಮ ಸಂಘ ಅಂತ ಅವರದೇ ಸಂಘ ಇತ್ತು. ನಾನಾಗ ಚಿಕ್ಕವಳು. ನಮ್ಮ ಕಡೆ ಮಳೆಗಾಲ ಅಂದರೆ ಹೊಳೆ, ತೋಡು ದಾಟುವುದೇ ದೊಡ್ಡ ಕಥೆ. ಅಡಿಕೆ ಮರ ಜೋಡಿಸಿದ ಕಾಲುಸಂಕ, ಅಂದರೆ ಕಾಲುಸೇತುವೆ, ಪಾಚಿ ಕಟ್ಟಿ ಜಾರುತ್ತದೆ. ಚೀಲ ತಲೆಯ ಮೇಲೆ, ಚಪ್ಪಲಿ ಕೈಯಲ್ಲಿ. ಎಲ್ಲೆಲ್ಲಿ ಸಂಕ ಬೇಕು ಅಂತ ಮಕ್ಕಳಿಗೆ ಗೊತ್ತಿರುವಷ್ಟು ಯಾವ ಇಂಜಿನಿಯರ್‌ಗೂ ಗೊತ್ತಿರುವುದಿಲ್ಲ. ದಿನಾ ದಾಟುವವರು ಅವರು.

ಮೇಷ್ಟ್ರೇ, 16ಕ್ಕೆ ಓಟು ಬರಲಿ, ನನ್ನ ಪೂರ್ತಿ ಒಪ್ಪಿಗೆ ಇದೆ. ಆದರೆ ಕಾನೂನು ಬದಲಾಗುವಷ್ಟರಲ್ಲಿ ಆ ಹುಡುಗಿಗೆ ಮದುವೆಯಾಗಿ ಮಕ್ಕಳಾಗುತ್ತವೆ. ಈಗಲೇ ಒಂದು ಕೆಲಸ ಮಾಡಿ. ಹಿಂದಿನ ಎರಡೂ ಮಕ್ಕಳ ಗ್ರಾಮಸಭೆಯ ನಡಾವಳಿ ಪ್ರತಿ ಕೊಡಿ ಅಂತ ಪಂಚಾಯಿತಿಗೆ ಅರ್ಜಿ ಹಾಕಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಬಸ್ಸಿನ ವಿಷಯ ನಿಜವಾಗಿ ಬರೆದಿದ್ದಾರಾ ನೋಡಿ. ಬರೆದಿದ್ದರೆ ಆ ಸಾಲಿಗೆ ಗೆರೆ ಹಾಕಿ ದೊಡ್ಡವರ ಗ್ರಾಮಸಭೆಯಲ್ಲಿ ಓಟಿರುವ ತಾಯಂದಿರ ಕೈಯಲ್ಲಿ ಓದಿಸಿ.

ಬಾಗಲಕೋಟೆ ಆಶಾ ಕಾರ್ಯಕರ್ತೆ

ಹೌದು, ತಾಯಂದಿರ ಕೈಯಲ್ಲಿ ಓದಿಸಿ. ಬರಲು ಹೇಳಿ, ಬರುತ್ತಾರೆ. 16ರ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಬದಲಾಗಿಲ್ಲ ಮೇಷ್ಟ್ರೇ. ಬಸ್ಸಿನ ವಿಷಯ ಏನಾಯಿತು ಅಂತ ಮಾತ್ರ ಇಲ್ಲಿ ಬರೆಯಬೇಕು.

ತಿಪಟೂರು ಮೇಷ್ಟ್ರು

ಬರೆಯುತ್ತೇನೆ ಅಕ್ಕಾ. ಆ ಹುಡುಗಿ ಈಗ ಫಸ್ಟ್ ಪಿಯು. ಅವಳಿಗೆ ಫೋನ್ ಮಾಡಿ ಕುಂದಾಪುರದ ಅಕ್ಕ ಹೇಳಿದ್ದನ್ನೆಲ್ಲ ಓದಿ ಹೇಳಿದೆ. ಅರ್ಜಿ ತಾನೇ ಬರೆಯುತ್ತೇನೆ ಅಂದಳು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಪಂಚಾಯಿತಿ ಆಫೀಸು. ಅವಳ ತಾಯಿ ಬರುತ್ತಾರಂತೆ. ಅವಳ ಪಕ್ಕದ ಮನೆಯಲ್ಲೂ ಗ್ಯಾರೇಜಿಗೆ ಹೋಗುವ ಹುಡುಗನೊಬ್ಬ ಇದ್ದಾನೆ, ಅವನನ್ನೂ ಕರೆದುಕೊಂಡು ಬರುತ್ತಾಳಂತೆ. ಅವನಿಗೆ ರಜಾ ಸಿಗಬೇಕು, ಅವನ ಮಾಲೀಕರ ಹತ್ತಿರ ನಾಳೆ ನಾನು ಮಾತಾಡುತ್ತೇನೆ.